ಹಚ್ಚೋದು ಕೈ, ಆರಿಸೋದು ಗಾಲಿ

1/10

ಒಂದು ಪ್ರಶ್ನೆ. ಕಮೆಂಟ್ ಹಾಕೋ ಮುಂಚೆ ಎರಡು ಸೆಕೆಂಡ್ ಯೋಚನೆ ಮಾಡ್ರಿ.

ರಾತ್ರಿ ಬೈಕ್ ಮೇಲೆ ಹೊರಟಿದ್ದೀರಿ. ಮುಂದೆ ದೂರದಲ್ಲಿ ಒಂದು ಕಬ್ಬಿನ ಟ್ರೇಲರ್. ಅದರ ಹಿಂಭಾಗದ ತುಂಬ ಎಲ್‌ಇಡಿ ಪಟ್ಟಿ. ಕೆಂಪು, ನೀಲಿ, ಹಸಿರು ಎಡದಿಂದ ಬಲಕ್ಕೆ ಓಡ್ತಾ ಇವೆ, ಮತ್ತೆ ಬಲದಿಂದ ಎಡಕ್ಕೆ. ಈಗ ಹೇಳ್ರಿ: ಆ ಟ್ರೇಲರ್ ಹೋಗ್ತಾ ಇದೆಯಾ, ನಿಂತಿದೆಯಾ?

ಗೊತ್ತಾಗಲ್ಲ. ನಿಮ್ಮ ಕಣ್ಣಿನ ತಪ್ಪಲ್ಲ ಅದು.

ಆದರೆ ಈ ಉತ್ತರ ಬೇಕೇ ಬೇಕು. ಲೆಕ್ಕ ನೋಡ್ರಿ. ನಿಮ್ಮ ವೇಗ ಗಂಟೆಗೆ 50 ಕಿ.ಮೀ., ಟ್ರೇಲರ್ 80 ಮೀಟರ್ ದೂರದಲ್ಲಿದೆ. ಅದು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗ್ತಿದ್ರೆ ಅದನ್ನು ಮುಟ್ಟೋಕೆ ನಿಮಗೆ ಸುಮಾರು 9.6 ಸೆಕೆಂಡ್ ಬೇಕು. ನಿಂತಿದ್ರೆ 5.8 ಸೆಕೆಂಡ್ ಮಾತ್ರ. ಹೋಗ್ತಾ ಇದೆ ಅಂತ ನಂಬಿ ಆರಾಮಾಗಿ ಬಂದವರಿಗೆ ಹೆಚ್ಚುಕಮ್ಮಿ ನಾಲ್ಕು ಸೆಕೆಂಡ್ ಕಡಿಮೆ ಬೀಳುತ್ತೆ. ರಸ್ತೆ ಮೇಲೆ ನಾಲ್ಕು ಸೆಕೆಂಡ್ ಅಂದ್ರೆ ಬಹಳ.

ಈ ಸೀರೀಸ್ ಅದರ ಬಗ್ಗೆ. ಗಾಡಿ ಚಲಿಸ್ತಾ ಇದೆಯೋ ಇಲ್ಲವೋ ಅಂತ ಸೆನ್ಸರ್‌ನಿಂದ ತಿಳ್ಕೊಂಡು ಅಲಂಕಾರದ ಎಲ್‌ಇಡಿಯನ್ನು ನಡೆಸೋದು ಹೇಗೆ. ಇಂಟರ್ನೆಟ್ ತುಂಬ ಇರೋ ಪ್ರಾಜೆಕ್ಟ್‌ಗಳು ಗಾಡಿ ಹೊರಟರೆ ಲೈಟ್ ಹಚ್ಚೋದು ಹೇಗೆ ಅಂತ ಹೇಳ್ತವೆ. ನಾನು ಉಲ್ಟಾ ಹೇಳ್ತೀನಿ. ಗಾಡಿ ಹೊರಟರೆ ಲೈಟ್ ತಾನಾಗೇ ಆರಬೇಕು.

ಸೇವ್ ಮಾಡಿಟ್ಕೊಳ್ರಿ, ಹತ್ತು ಪೋಸ್ಟ್ ಇದೆ.

2/10

ಮುಧೋಳ, ಜಮಖಂಡಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೋಸ್ಕರ ಸ್ವಲ್ಪ.

ದೀಪಾವಳಿ ಆಸುಪಾಸು ನಮ್ಮ ಕಡೆ ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗೆ ಬೆಂಕಿ ಬೀಳುತ್ತೆ. ಅಲ್ಲಿಂದ ನಾಲ್ಕೈದು ತಿಂಗಳು ರಸ್ತೆ ಕಬ್ಬಿನದು. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್. ಕಬ್ಬನ್ನು ಎಷ್ಟು ಒಟ್ಟಿರ್ತಾರೆ ಅಂದ್ರೆ ತುದಿಗಳು ಹಿಂದಕ್ಕೆ ಜೋತುಬಿದ್ದು ಟ್ರೇಲರ್‌ನ ಸಣ್ಣ ಟೇಲ್ ಲೈಟ್ ಇದ್ದರೂ ಮುಚ್ಚಿಹೋಗುತ್ತೆ. ಎಷ್ಟೋ ಟ್ರೇಲರ್‌ಗಳಲ್ಲಿ ಆ ಲೈಟೂ ಇರಲ್ಲ, ಇದ್ದರೆ ವೈರ್ ಸಿಕ್ಕಿಸಿರಲ್ಲ.

ನಮ್ಮ ಮಾಮ ಇಂಥದ್ದೇ ಒಂದು ಟ್ರ್ಯಾಕ್ಟರ್ ಓಡಿಸ್ತಾನೆ. ಸೀಸನ್‌ನಲ್ಲಿ ಅವನ ಮನೆ ಅದೇ. ಹಗಲು ಹೊಲದಲ್ಲಿ ಗ್ಯಾಂಗ್ ಕಬ್ಬು ಕಡಿದು ಹೇರೋ ತನಕ ಕಾಯೋದು, ರಾತ್ರಿ ಕಾರ್ಖಾನೆ ಯಾರ್ಡಿನಲ್ಲಿ ಪಾಳಿ ಬರೋ ತನಕ ಕಾಯೋದು. ಊಟ ಅಲ್ಲೇ, ನಿದ್ದೆ ಅಲ್ಲೇ. ಹಂಗಾಗಿ ಆ ಗಾಡಿನ ಸಿಂಗಾರ ಮಾಡ್ತಾನೆ. ಮುಂದೆ ರಿಬ್ಬನ್, ಒಳಗೆ ದೇವರ ಫೋಟೋ ಸುತ್ತ ಸಣ್ಣ ಲೈಟು, ಬಾನೆಟ್ ಮೇಲೆ ಹೆಸರು, ಸ್ಪೀಕರ್, ಮತ್ತೆ ಎಲ್ಲಾ ಕಡೆ ಎಲ್‌ಇಡಿ. ಇದನ್ನ ನೋಡಿ ನಗೋರು ಇದ್ದಾರೆ. ನಾನು ನಗಲ್ಲ. ನಾವು ಹಾಸ್ಟೆಲ್ ರೂಮಿನ ಗೋಡೆಗೆ ಫೇರಿ ಲೈಟ್ ಹಾಕ್ಕೊಂಡು ಫೋಟೋ ಹಾಕ್ತೀವಲ್ಲ, ಇದೂ ಅದೇ.

ಈ ಸೀರೀಸ್ ಅಲಂಕಾರದ ವಿರುದ್ಧ ಅಲ್ಲ. ಯಾವಾಗ ಸುಮ್ಮನಿರಬೇಕು ಅಂತ ಅಲಂಕಾರಕ್ಕೆ ಗೊತ್ತಿರಬೇಕು, ಅಷ್ಟೇ ನನ್ನ ಮಾತು.

3/10

ಹೋದ ಸೀಸನ್‌ನ ಮಾತು. ಅಪ್ಪನ ಬೈಕ್ ಹಿಂದೆ ಕೂತು ಲೋಕಾಪುರದ ಕಡೆಯಿಂದ ರಾತ್ರಿ ವಾಪಸ್ ಬರ್ತಿದ್ದೆ. ಮುಂದೆ ಒಂದು ಟ್ರೇಲರ್, ಮೈತುಂಬ ಬೆಳಕು, ಜಾತ್ರೆ ತೇರಿನ ಹಾಗೆ. ಲೈಟ್ ಓಡ್ತಾ ಇದ್ದವು. ಅಪ್ಪ ವೇಗ ಕಡಿಮೆ ಮಾಡಲಿಲ್ಲ. ಅದರ ಪಾಡಿಗೆ ಅದು ಹೋಗ್ತಿದೆ ಅಂತ ನಾನೂ ಅಂದ್ಕೊಂಡಿದ್ದೆ.

ಅದು ನಿಂತಿತ್ತು. ಪಂಕ್ಚರ್.

ಅಪ್ಪ ಎರಡೂ ಬ್ರೇಕ್ ಒತ್ತಿದಾಗ ಬೈಕ್ ಅಡ್ಡ ಜಾರಿ ನಿಂತಿತು. ನಮ್ಮ ಮುಂದಿನ ಗಾಲಿಗೂ ಕಬ್ಬಿನ ತುದಿಗೂ ಮಧ್ಯೆ ಒಂದು ಮಾರು ಜಾಗ. ಡ್ರೈವರ್ ಪಕ್ಕದಲ್ಲೇ ಕೂತು ಟೈರ್ ಬಿಚ್ತಿದ್ದ. ಪಾಪ, ಹಿಂದೆ ಎರಡು ಕಲ್ಲು, ಒಂದು ಬೇವಿನ ಟೊಂಗೆನೂ ಇಟ್ಟಿದ್ದ. ಓಡಿ ಬಂದು ಕೇಳಿದ: "ಅಷ್ಟ್ ಲೈಟ್ ಹಚ್ಚೀನಿ, ಕಾಣ್ಲಿಲ್ಲೇನ್ರಿ?"

ಅಪ್ಪ ಅಂದ್ರು: "ಕಾಣ್ತಪಾ. ನಿಂತಿದ್ದು ಕಾಣ್ಲಿಲ್ಲ."

ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಕಾಲೇಜಿಗೆ ಬಂದ ಮೇಲೆ ಹುಡುಕಿ ಓದಿದೆ. ಅದಕ್ಕೆ ಹೆಸರೇ ಇದೆ: ತೋರಿಕೆಯ ಚಲನೆ. ಪಕ್ಕಪಕ್ಕದ ದೀಪಗಳು ಒಂದಾದ ಮೇಲೊಂದು ಹತ್ತಿ ಆರಿದರೆ ನಮ್ಮ ಮಿದುಳು ಅಲ್ಲಿ ಏನೋ ಓಡ್ತಿದೆ ಅಂತ ಓದ್ಕೊಳ್ಳುತ್ತೆ. ಮ್ಯಾಕ್ಸ್ ವರ್ತೈಮರ್ ಎಂಬ ಮನಃಶಾಸ್ತ್ರಜ್ಞ 1912ರಲ್ಲೇ ಇದರ ಮೇಲೆ ಹೆಸರಾದ ಲೇಖನ ಬರೆದ. ಸಿನಿಮಾ ಓಡೋದು, ಅಂಗಡಿ ಬೋರ್ಡಿನ ಅಕ್ಷರ ಹರಿಯೋದು ಇದರ ಮೇಲೇ. ದೀಪ ಒಂದೂ ಜಾಗ ಬಿಟ್ಟು ಕದಲಿರಲ್ಲ. ಕದಲಿದ ಹಾಗೆ ಕಾಣುತ್ತೆ.

ಅಂದ್ರೆ ನಿಂತ ಟ್ರೇಲರ್ ಮೇಲೆ ಓಡೋ ಲೈಟ್ ಸುಮ್ಮನೆ ಚಂದ ಕಾಣಲ್ಲ. ಹಿಂದೆ ಬರೋರಿಗೆ ಒಂದು ಸುಳ್ಳು ಹೇಳುತ್ತೆ.

4/10

ಹಾಗಿದ್ರೆ ಗಾಡಿಯ ಚಲನೆಗೆ ತಕ್ಕಂತೆ ನಡೆಯೋ ಲೈಟ್ ಹೊಸ ವಿಷಯವಾ? ಅಲ್ಲವೇ ಅಲ್ಲ. ನಿಮ್ಮ ಅಜ್ಜನ ಸೈಕಲ್‌ನಲ್ಲಿ ಇತ್ತು.

ಡೈನಮೋ ನೆನಪಿದೆಯಾ? ಬಾಟ್ಲಿ ಆಕಾರದ್ದು, ಟೈರಿಗೆ ಒರಗಿಸಿದರೆ ಗರ್ ಅಂತ ತಿರುಗೋದು. ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್. ಒಳಗೆ ಒಂದು ಅಯಸ್ಕಾಂತ ತಿರುಗುತ್ತೆ, ಸುತ್ತ ತಂತಿಯ ಸುರುಳಿ. ಫ್ಯಾರಡೆಯ ನಿಯಮ, ಪಿಯುಸಿಯಲ್ಲಿ ಉರು ಹೊಡೆದಿದ್ದೀವಲ್ಲ, ಅದೇ. ಗಾಲಿ ತಿರುಗಿದರೆ ಬೆಳಕು. ಜೋರಾಗಿ ತುಳಿದರೆ ಜೋರು ಬೆಳಕು. ನಿಂತರೆ ಕತ್ತಲು.

ಸೆನ್ಸರ್ ಇಲ್ಲ, ಪ್ರೋಗ್ರಾಂ ಇಲ್ಲ, ಬ್ಯಾಟರಿ ಇಲ್ಲ. ಗಾಲಿಯೇ ಸೆನ್ಸರ್, ಗಾಲಿಯೇ ಕರೆಂಟು. ಅದು ಸುಳ್ಳು ಹೇಳೋಕೆ ಸಾಧ್ಯವೇ ಇಲ್ಲ.

ಆದರೆ ಅದರಲ್ಲೂ ಒಂದು ಅಪಾಯ ಇತ್ತು. ರಸ್ತೆ ದಾಟೋಕೆ ನಡುವೆ ನಿಂತರೆ, ಲೈಟ್ ಹೆಚ್ಚು ಬೇಕಾದ ಹೊತ್ತಲ್ಲೇ ಆರಿಹೋಗೋದು. ಆಮೇಲೆ ಬಂದ ಡೈನಮೋ ಲೈಟ್‌ಗಳಲ್ಲಿ ಒಂದು ಕೆಪಾಸಿಟರ್ ಸೇರಿಸಿದರು. ನಿಂತ ಮೇಲೂ ಕೆಲವು ನಿಮಿಷ ಸಣ್ಣಗೆ ಉರಿಯುತ್ತೆ.

ಇದರಿಂದ ನಾನು ಎರಡು ಪಾಠ ತಗೊಂಡೆ. ಒಂದು, ಚಲನೆ ತಿಳೀಬೇಕು ಅಂದ್ರೆ ಗಾಲಿನ ಕೇಳಬೇಕು. ಎರಡು, ಸುರಕ್ಷತೆಯ ಕೆಂಪು ಲೈಟ್ ಮತ್ತು ಸಿಂಗಾರದ ಲೈಟ್ ಒಂದೇ ವೈರ್‌ನಲ್ಲಿ ಇರಬಾರದು. ಗಾಡಿ ನಿಂತಾಗ ಮೊದಲನೆಯದು ಆರಲೇಬಾರದು. ಗಾಡಿ ಹೊರಟಾಗ ಎರಡನೆಯದು ಉರಿಯಲೇಬಾರದು.

ಮುಂದಿನ ಎರಡು ಪೋಸ್ಟ್ ನಮ್ಮ ಇಸಿ ಬ್ರಾಂಚಿನವರಿಗೆ ಖುಷಿ. ಉಳಿದವರೂ ಓದ್ರಿ, ಕಷ್ಟ ಏನಿಲ್ಲ.

5/10

ಎಲ್ಲರ ಕೈಗೆ ಮೊದಲು ಸಿಗೋದು ಎಂಪಿಯು 6050. ಉಗುರಿನಷ್ಟು ಚಿಪ್. ಮೂರು ದಿಕ್ಕಿನ ವೇಗೋತ್ಕರ್ಷ, ಮೂರು ಅಕ್ಷದ ಸುತ್ತ ತಿರುಗುವ ವೇಗ, ಆರೂ ಅಳೆಯುತ್ತೆ. ಇದನ್ನ ಆರ್ಡುಯಿನೋಗೆ ಜೋಡಿಸಿದರೆ ಗಾಡಿ ಓಡ್ತಿದೆಯಾ ಅಂತ ಗೊತ್ತಾಗುತ್ತೆ ಅಂತ ಎಷ್ಟೋ ವಿಡಿಯೋಗಳಲ್ಲಿ ಹೇಳ್ತಾರೆ.

ಗೊತ್ತಾಗಲ್ಲ. ಯಾಕೆ ಅಂತ ನಿಮ್ಮ ಫೋನಿನಲ್ಲೇ ನೋಡ್ಬಹುದು.

ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದರಲ್ಲಿ ಗುರುತ್ವ ಸೇರಿದ ವೇಗೋತ್ಕರ್ಷ ಅನ್ನೋ ಪ್ರಯೋಗ ತೆಗೀರಿ. ಫೋನ್‌ನ ಮೇಜಿನ ಮೇಲೆ ಮಲಗಿಸಿ. ಅಲುಗಾಡ್ತಿಲ್ಲ, ಆದರೂ ಸುಮಾರು 9.8 ತೋರಿಸುತ್ತೆ. ಅದಕ್ಕೆ ತಿಳಿಯೋದು ಚಲನೆ ಅಲ್ಲ, ಮೇಜು ತನ್ನನ್ನು ಮೇಲಕ್ಕೆ ತಳ್ಳುವ ಒತ್ತು. ಹಾಸಿಗೆ ಮೇಲೆ ಸಣ್ಣಗೆ ಬೀಳಿಸಿದರೆ, ಗಾಳಿಯಲ್ಲಿ ಇರೋ ಆ ಒಂದು ಕ್ಷಣ ಸೊನ್ನೆ ಹತ್ತಿರ ಬರುತ್ತೆ.

ಈಗ ಅದನ್ನ ಕಾಲೇಜ್ ಬಸ್ಸಿನಲ್ಲಿ ಇಡ್ರಿ. ಬಸ್ ಹೊರಡುವಾಗ ಗೆರೆ ಒಂದು ಕಡೆ ಏರುತ್ತೆ, ಬ್ರೇಕ್ ಹಾಕಿದಾಗ ಇನ್ನೊಂದು ಕಡೆ. ಆದರೆ ನಡುವೆ, ಒಂದೇ ವೇಗದಲ್ಲಿ ಹತ್ತು ಕಿಲೋಮೀಟರ್ ಹೋದರೂ, ಗೆರೆ ಸರಾಸರಿಯಲ್ಲಿ ನಿಂತಾಗ ಎಲ್ಲಿತ್ತೋ ಅಲ್ಲೇ. ಅದುರಾಟ ಒಂದು ಬಿಟ್ಟರೆ.

ಗೆಲಿಲಿಯೋ 1632ರಲ್ಲೇ ಇದನ್ನ ಬರೆದಿದ್ದ. ಹಡಗಿನ ಒಳಗಿನ ಮುಚ್ಚಿದ ಕೋಣೆಯಲ್ಲಿ ಕೂತವನಿಗೆ, ಹಡಗು ನಯವಾಗಿ ಒಂದೇ ವೇಗದಲ್ಲಿ ಸಾಗ್ತಿದ್ದರೆ, ಅದು ಹೋಗ್ತಿದೆಯೋ ನಿಂತಿದೆಯೋ ಅಂತ ಯಾವ ಪ್ರಯೋಗದಿಂದಲೂ ಹೇಳೋಕಾಗಲ್ಲ ಅಂತ. ನಮ್ಮ ಚಿಪ್ ಆ ಕೋಣೆಯಲ್ಲಿ ಕೂತಿದೆ. ಅದಕ್ಕೆ ಕಿಟಕಿ ಇಲ್ಲ.

6/10

ಈಗ ಒಬ್ಬ ಬುದ್ಧಿವಂತ ಫ್ರೆಂಡ್ ಕಮೆಂಟ್ ಹಾಕ್ತಾನೆ: ವೇಗೋತ್ಕರ್ಷ ಸಿಕ್ಕಿದೆಯಲ್ಲ, ಅದನ್ನ ಸಮಯದ ಜೊತೆ ಕೂಡಿಸ್ತಾ ಹೋಗು, ವೇಗ ಬರುತ್ತೆ!

ಗಣಿತ ಸರಿ. ಆದರೆ ಅಗ್ಗದ ಚಿಪ್ ಯಾವತ್ತೂ ಒಂದಿಷ್ಟು ಆಚೀಚೆ ಇರುತ್ತೆ. ಗುರುತ್ವದ ನೂರರಲ್ಲಿ ಒಂದು ಭಾಗದಷ್ಟು ವ್ಯತ್ಯಾಸ ಇದೆ ಅಂತ ಇಟ್ಕೊಳ್ರಿ. ಅಂದ್ರೆ ಪ್ರತಿ ಸೆಕೆಂಡಿಗೆ ಸುಮಾರು 0.098 ಮೀಟರ್‌ನಷ್ಟು ಸುಳ್ಳು ವೇಗ ಸೇರುತ್ತೆ. ಒಂದು ನಿಮಿಷಕ್ಕೆ ಸೆಕೆಂಡಿಗೆ 5.9 ಮೀಟರ್. ಗಂಟೆ ಲೆಕ್ಕದಲ್ಲಿ 21 ಕಿ.ಮೀ.! ಟ್ರ್ಯಾಕ್ಟರ್ ಯಾರ್ಡಿನಲ್ಲಿ ನಿಂತಿರುತ್ತೆ, ಮಾಮ ಒಳಗೆ ನಿದ್ದೆ ಹೊಡೀತಿರ್ತಾನೆ, ಚಿಪ್ ಮಾತ್ರ ನಾವು 21ರಲ್ಲಿ ಹೋಗ್ತಿದ್ದೀವಿ ಅನ್ನುತ್ತೆ.

ಇಳಿಜಾರಿನ ಕಥೆ ಇನ್ನೊಂದು. ರಸ್ತೆ 5 ಡಿಗ್ರಿ ವಾಲಿದರೆ ಗುರುತ್ವದ ಸುಮಾರು 0.087 ಭಾಗ ಗಾಡಿಯ ಉದ್ದಕ್ಕೂ ಬೀಳುತ್ತೆ. ಕಬ್ಬು ಹೇರಿದ ಟ್ರ್ಯಾಕ್ಟರ್ ನಿಧಾನಕ್ಕೆ ಬ್ರೇಕ್ ಹಾಕಿದಾಗಲೂ ಹೆಚ್ಚುಕಮ್ಮಿ ಅಷ್ಟೇ ಬರೋದು. ದಿಬ್ಬವೋ ಬ್ರೇಕೋ ಚಿಪ್ಪಿಗೆ ತಿಳಿಯಲ್ಲ. ಜೈರೋ ಸೇರಿಸಿ ಫಿಲ್ಟರ್ ಬರೆದರೆ ಸ್ವಲ್ಪ ಸುಧಾರಿಸುತ್ತೆ, ಆದರೆ ಜೀವದ ಪ್ರಶ್ನೆಗೆ ಸ್ವಲ್ಪ ಸಾಲಲ್ಲ.

ಜಿಪಿಎಸ್? ವೇಗ ಚೆನ್ನಾಗೇ ಕೊಡುತ್ತೆ. ಆದರೆ ಆನ್ ಮಾಡಿದ ಮೇಲೆ ಉಪಗ್ರಹ ಹಿಡಿಯೋಕೆ ಟೈಮ್ ತಗೊಳ್ಳುತ್ತೆ, ಶೆಡ್ ಒಳಗೆ ಸಿಗ್ನಲ್ ಹೋಗುತ್ತೆ, ನಿಂತಲ್ಲೇ ನಿಂತಿದ್ರೂ ಜಾಗ ಆಚೀಚೆ ಅಲೆದಾಡುತ್ತೆ.

ಇಷ್ಟೆಲ್ಲ ಓದಿದ ಮೇಲೆ ಮತ್ತೆ ಅಜ್ಜನ ಸೈಕಲ್ಲೇ ಸರಿ ಅನ್ನಿಸಿತು. ಗಾಲಿ.

7/10

ಮಾಡಿದ್ದು ಇಷ್ಟು. ಹಿಂದಿನ ಟ್ರೇಲರ್ ಗಾಲಿಯ ಒಳಬದಿ ಹಬ್ ಮೇಲೆ ನಾಲ್ಕು ಸಣ್ಣ ಅಯಸ್ಕಾಂತ, ಸಮ ದೂರದಲ್ಲಿ. ಎದುರಿಗೆ ಆಕ್ಸಲ್ ಮೇಲೆ ಒಂದು ಹಾಲ್ ಸೆನ್ಸರ್. ಅಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಒಂದು ಪಲ್ಸ್. ಮುಟ್ಟೋ ಭಾಗ ಇಲ್ಲ, ಹಾಗಾಗಿ ಸವೆಯಲ್ಲ. ಕೆಸರು, ಧೂಳಿಗೂ ಅಯಸ್ಕಾಂತ ಅಂಜಲ್ಲ. ರೀಡ್ ಸ್ವಿಚ್ಚೂ ಆಗುತ್ತೆ, ಆದರೆ ಅದು ಗಾಜಿನ ಕೊಳವೆ. ನಮ್ಮ ಹೊಲದ ದಾರಿಯಲ್ಲಿ ಗಾಜು ಎಷ್ಟು ದಿನ?

ಟೈರಿನ ಸುತ್ತಳತೆ ಹಗ್ಗ ಹಿಡಿದು ಅಳೆದೆ, ಸುಮಾರು 2.8 ಮೀಟರ್. ನಾಲ್ಕು ಅಯಸ್ಕಾಂತ ಅಂದ್ರೆ ಪ್ರತಿ 0.7 ಮೀಟರಿಗೆ ಒಂದು ಪಲ್ಸ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 8. ಮನುಷ್ಯ ನಿಧಾನಕ್ಕೆ ನಡೆಯೋ ವೇಗದಲ್ಲೂ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು. 3 ಸೆಕೆಂಡ್ ಪಲ್ಸ್ ಬರಲಿಲ್ಲ ಅಂದ್ರೆ ಗಾಡಿ ನಿಂತಿದೆ. ಒಂದೇ ಒಂದು ಪಲ್ಸ್ ಬಂದರೂ ಹೊರಟಿದೆ.

ಈಗ ಒಂದು ಕೆಟ್ಟ ಪ್ರಶ್ನೆ ಕೇಳ್ಕೋಬೇಕು. ಸೆನ್ಸರ್ ವೈರ್ ತುಂಡಾದ್ರೆ? ಪಲ್ಸ್ ಬರಲ್ಲ. ಗಾಡಿ ಓಡ್ತಿದ್ರೂ ಪ್ರೋಗ್ರಾಂ ನಿಂತಿದೆ ಅಂದ್ಕೊಳ್ಳುತ್ತೆ.

ಇದಕ್ಕೇ ಎರಡನೇ ಸಾಕ್ಷಿ ಬೇಕು. ಅಲ್ಲಿ ನಮ್ಮ 6050 ಕೆಲಸಕ್ಕೆ ಬಂತು. ವೇಗ ಅದಕ್ಕೆ ಹೇಳೋಕೆ ಬರಲ್ಲ, ಆದರೆ ಅದುರೋದನ್ನ ಅದರಷ್ಟು ಚೆನ್ನಾಗಿ ಹೇಳೋರು ಇಲ್ಲ. ರಸ್ತೆ ಮೇಲೆ ಟ್ರೇಲರ್ ಒಂದೇ ಸಮ ಅದುರುತ್ತೆ. ನಿಂತಾಗ ಟ್ರ್ಯಾಕ್ಟರ್ ಎಂಜಿನ್ನಿನ ನಡುಕ ಹಿಂದಿನ ಟ್ರೇಲರ್ ತನಕ ಬರೋಷ್ಟರಲ್ಲಿ ಬಹಳ ಕಡಿಮೆ ಆಗಿರುತ್ತೆ. ಹಂಗಾಗಿ ನಿಯಮ: ಗಾಲಿಯೂ ಸುಮ್ಮನಿರಬೇಕು, ಅದುರಾಟವೂ ಇರಬಾರದು. ಇಬ್ಬರಲ್ಲಿ ಒಬ್ಬರು ಓಡ್ತಿದೆ ಅಂದ್ರೂ ಸಿಂಗಾರ ಬಂದ್.

ಜನವರಿಯಲ್ಲಿ ಹೊಲದ ರವದಿ ಹಬ್ಬಿಗೆ ಸುತ್ಕೊಂಡು ಸೆನ್ಸರ್ ವೈರನ್ನೇ ಕಿತ್ತುಹಾಕಿತು. ರಸ್ತೆ ಮೇಲೆ ಲೈಟ್ ಆರಿಯೇ ಇತ್ತು. ಎರಡನೇ ಸಾಕ್ಷಿ ಮಾತು ತಪ್ಪಲಿಲ್ಲ.

8/10

ಸೆನ್ಸರ್‌ಗಿಂತ ಕಷ್ಟ ಆಗಿದ್ದು ಮಾಮನನ್ನ ಒಪ್ಪಿಸೋದು.

"ಆರ್ಸಾಕ ಯಾರರ ಲೈಟ್ ಹಾಕ್ಸ್ತಾರೇನಲೇ?" ಅಂದ. ಅದು ಜೋಕ್ ಅಲ್ಲ. ಅವನ ವಾದ ಸರಿಯಾಗೇ ಇತ್ತು: "ಟೇಲ್ ಲೈಟ್ ಕಬ್ಬಿನಾಗ ಮುಚ್ಚಿ ಹೋಗ್ತಾವ. ಬಣ್ಣದ ಲೈಟ್ ಇದ್ರ ದೂರದಿಂದ ಕಾಣ್ತೈತಿ. ಅದೂ ಸೇಫ್ಟಿನ ಅಲ್ಲೇನು?"

ನಾನು ಅಪ್ಪನ ಮಾತು ಹೇಳಿದೆ. ಕಾಣ್ತು, ನಿಂತಿದ್ದು ಕಾಣ್ಲಿಲ್ಲ. ಮಾಮ ಸುಮ್ಮನಾದ. ಅಪ್ಪ ಅವನ ಅಕ್ಕನ ಗಂಡ.

ಕೊನೆಗೆ ಆದ ಒಪ್ಪಂದ ಇದು. ಒಳಗಿನ ದೇವರ ಲೈಟ್ ನಾನು ಮುಟ್ಟಂಗಿಲ್ಲ. ಮೊದಲು ಕಬ್ಬಿನ ತುದಿಗಿಂತ ಹೊರಗೆ ಬರೋ ಹಾಗೆ ಕಬ್ಬಿಣದ ಪಟ್ಟಿ ಬೆಸೆದು ಅದಕ್ಕೆ ನಿಜವಾದ ಟೇಲ್ ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ರಿಫ್ಲೆಕ್ಟರ್. ಬ್ರೇಕ್ ಲೈಟಿಗೆ ಯಾವ ಸೆನ್ಸರ್ ಆಟವೂ ಇಲ್ಲ, ಪೆಡಲ್ ಸ್ವಿಚ್ಚಿನಿಂದ ನೇರ ವೈರ್. ಅದಾದ ಮೇಲೆ ಸಿಂಗಾರ.

ಸಿಂಗಾರಕ್ಕೆ ಒಂದು ಬಟನ್. ಗಾಡಿ ನಿಂತಾಗ ಮಾಮ ಒತ್ತಿದರೆ ಮಾತ್ರ ಹತ್ತುತ್ತೆ. ಗಾಡಿ ಕದಲಿದ ಕೂಡಲೇ ತಾನೇ ಆರುತ್ತೆ. ಮತ್ತೆ ನಿಂತಾಗ ತಾನಾಗೇ ಹತ್ತಲ್ಲ, ಮತ್ತೆ ಒತ್ತಬೇಕು. ಯಾಕಂದ್ರೆ ಯಾರ್ಡಿನಲ್ಲಿ ನಿಂತಿದ್ದಕ್ಕೂ ರಸ್ತೆ ನಡುವೆ ಪಂಕ್ಚರ್ ಆಗಿ ನಿಂತಿದ್ದಕ್ಕೂ ಸೆನ್ಸರ್‌ಗೆ ವ್ಯತ್ಯಾಸ ಗೊತ್ತಿಲ್ಲ. ಅದು ಮನುಷ್ಯನಿಗೆ ಮಾತ್ರ ಗೊತ್ತು.

ಹಚ್ಚೋದು ಕೈ. ಆರಿಸೋದು ಗಾಲಿ. ಇಡೀ ಪ್ರೋಗ್ರಾಂ ಇಷ್ಟೇ.

ಇನ್ನೊಂದು ಮಾತು. ಹಿಂದಿನ ಮುಖದ ಪಟ್ಟಿಗೆ ಓಡುವ ಪ್ಯಾಟರ್ನ್ ಹಾಕಿಯೇ ಇಲ್ಲ. ಎಲ್ಲಾ ದೀಪ ಒಟ್ಟಿಗೆ ಮೆಲ್ಲಗೆ ಏರಿ ಮೆಲ್ಲಗೆ ಇಳೀತವೆ, ಉಸಿರಾಡಿದ ಹಾಗೆ. ಓಡೋ ಆಟ ಏನಿದ್ರೂ ಅಕ್ಕಪಕ್ಕದಲ್ಲಿ. ಯಾರಾದ್ರೂ ತಪ್ಪಿ ರಸ್ತೆ ಮೇಲೆ ಬಟನ್ ಒತ್ತಿದರೂ ಹಿಂದಿನವರಿಗೆ ಆ ಸುಳ್ಳು ಹೋಗಬಾರದು.

9/10

ಇದೆಲ್ಲ ನಮ್ಮ ಹಳ್ಳಿ ತಲೆಬಿಸಿ ಅಂದ್ಕೋಬೇಡಿ. ಗಾಡಿಯ ಚಲನೆ ಅಳೆದು ಹಿಂದಿನ ಲೈಟನ್ನು ನಡೆಸೋ ಪ್ರಯೋಗ ಅರ್ಧ ಶತಮಾನದ ಹಿಂದೆಯೇ ಆಗಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ವೋವೊಡ್ಸ್ಕಿ ಎಂಬ ಮನಃಶಾಸ್ತ್ರಜ್ಞ 343 ಟ್ಯಾಕ್ಸಿಗಳ ಹಿಂದೆ ಒಂದು ಹಳದಿ ಲೈಟ್ ಹಾಕಿಸಿದ. ಟ್ಯಾಕ್ಸಿ ಎಷ್ಟು ಜೋರಾಗಿ ವೇಗ ಕಳ್ಕೊಳ್ಳುತ್ತೋ ಅಷ್ಟು ಬೇಗ ಬೇಗ ಅದು ಮಿಣುಕೋದು. 1974ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹಿಂದಿನಿಂದ ಗುದ್ದುವ ಅಪಘಾತ ಶೇ. 60.6ರಷ್ಟು ಕಡಿಮೆ ಆಯಿತು.

ಕಾರಿನ ಹಿಂಗಾಜಿನ ಹತ್ತಿರ ಮೇಲೆ ಮೂರನೇ ಬ್ರೇಕ್ ಲೈಟ್ ಇರುತ್ತಲ್ಲ, ಅದನ್ನ ಅಮೆರಿಕ 1986ರ ಮಾಡೆಲ್ ಕಾರುಗಳಿಂದ ಕಡ್ಡಾಯ ಮಾಡಿತು. ಮೊದಮೊದಲು ಒಳ್ಳೆ ಫಲ ಸಿಕ್ಕಿತು. ವರ್ಷ ಕಳೆದ ಮೇಲೆ ಅಲ್ಲಿನ ಸರ್ಕಾರ ಮತ್ತೆ ಲೆಕ್ಕ ಹಾಕಿದಾಗ ಉಳಿದ ಲಾಭ ಶೇ. 4.3ರಷ್ಟು. ಅದೂ ಸಣ್ಣದಲ್ಲ, ಸಾವಿರಾರು ಅಪಘಾತ ತಪ್ಪುತ್ತೆ. ಆದರೆ ಕಣ್ಣು ಹೊಸದಕ್ಕೆ ಬೇಗ ಒಗ್ಗಿಹೋಗುತ್ತೆ ಅನ್ನೋದು ಗೊತ್ತಾಯಿತು.

ಇದಕ್ಕೇ ವಿಶ್ವಸಂಸ್ಥೆಯ ವಾಹನ ನಿಯಮ 48 ಮಿಣುಕುವ ಬ್ರೇಕ್ ಲೈಟನ್ನು ಬಹಳ ಜಿಪುಣತನದಿಂದ ಕೊಡುತ್ತೆ. ಕಾರು ಗಂಟೆಗೆ 50 ಕಿ.ಮೀ. ಮೀರಿರಬೇಕು, ಬ್ರೇಕ್ ತುಂಬ ಜೋರಾಗಿರಬೇಕು, ಆಗ ಮಾತ್ರ ಸೆಕೆಂಡಿಗೆ ಸುಮಾರು 4 ಸಲ. ಮಿಕ್ಕಂತೆ ಸುಮ್ಮನೆ ಉರಿಯೋ ಕೆಂಪು.

ಮಿಣುಕೋದು ಕೂಗಿದ ಹಾಗೆ. ದಿನಾ ಕೂಗೋನು ನಿಜವಾಗಿ ಕೂಗಿದಾಗ ಯಾರು ತಿರುಗಿ ನೋಡ್ತಾರೆ? ರಸ್ತೆ ಮೇಲಿನ ಪ್ರತಿ ಟ್ರೇಲರ್, ಪ್ರತಿ ಆಟೋ, ಪ್ರತಿ ಬೈಕ್ ಮಿಣುಕ್ತಾ ಹೋದರೆ ಅಪಾಯದಲ್ಲಿರೋ ಗಾಡಿಗೆ ಉಳಿದ ಭಾಷೆ ಯಾವುದು?

10/10

ಮಾಡೋಕೆ ಹೊರಟವರಿಗೆ ಕೊನೆಯ ಮಾತುಗಳು.

ಕಾನೂನು: ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 108ನೇ ನಿಯಮದ ಪ್ರಕಾರ ಗಾಡಿಯ ಮುಂದೆ ಕೆಂಪು ಲೈಟ್ ಕಾಣಬಾರದು, ಹಿಂದೆ ಕೆಂಪು ಬಿಟ್ಟು ಬೇರೆ ಬಣ್ಣ ಕಾಣಬಾರದು. ಇಂಡಿಕೇಟರ್, ರಿವರ್ಸ್ ಲೈಟ್, ನಂಬರ್ ಪ್ಲೇಟ್ ಲೈಟಿನಂಥವಕ್ಕೆ ಮಾತ್ರ ವಿನಾಯಿತಿ. ಹಂಗಾಗಿ ಬಣ್ಣದ ಆಟ ಯಾರ್ಡಿನಲ್ಲಿ, ಹೊಲದಲ್ಲಿ, ಮನೆ ಅಂಗಳದಲ್ಲಿ. ರಸ್ತೆಗೆ ಅಲ್ಲ. ಸೆನ್ಸರ್ ಇದೆ ಅಂತ ಪೊಲೀಸರಿಗೆ ಹೇಳಿದರೆ ದಂಡ ಕಡಿಮೆ ಆಗಲ್ಲ.

ಕರೆಂಟು: ಡಬ್ಲ್ಯುಎಸ್ 2812 ಪಟ್ಟಿಯ ಒಂದು ದೀಪ ಪೂರ್ತಿ ಬಿಳಿ ಉರಿದರೆ 60 ಮಿಲಿಆಂಪ್ ತನಕ ತಗೊಳ್ಳುತ್ತೆ. ಮೀಟರಿಗೆ 60 ದೀಪ, 5 ಮೀಟರ್ ಪಟ್ಟಿ ಅಂದ್ರೆ 300 ದೀಪ, 5 ವೋಲ್ಟಿನಲ್ಲಿ 18 ಆಂಪ್, 90 ವ್ಯಾಟ್. ಎಂಜಿನ್ ಬಂದ್ ಮಾಡಿ ರಾತ್ರಿಯೆಲ್ಲ ಪಾಳಿ ಕಾಯೋರು ಇಷ್ಟು ಉರಿಸಿದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ. ನಾನು ಬೆಳಕನ್ನ ಕಾಲು ಭಾಗಕ್ಕೆ ಇಳಿಸಿದ್ದೀನಿ. ಬ್ಯಾಟರಿ 12.2 ವೋಲ್ಟಿಗೆ ಬಂದರೆ ಸಿಂಗಾರ ಆರುತ್ತೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕೋದು ಮರೀಬೇಡಿ. ಹಿಂದೆ ಇರೋದು ಒಣ ರವದಿ ತುಂಬಿದ ಕಬ್ಬು, ಒಂದು ಕಿಡಿ ಸಾಕು.

ಪಟ್ಟಿ ಬಿಟ್ಟು ಉಳಿದ ಸಾಮಾನಿಗೆ ನನಗೆ ಆದ ಖರ್ಚು 600 ರೂಪಾಯಿ ಒಳಗೆ. ಸರ್ಕ್ಯೂಟ್ ಮತ್ತು ಕೋಡ್ ಬೇಕಾದವರು ಮೆಸೇಜ್ ಮಾಡ್ರಿ, ಕಳಿಸ್ತೀನಿ.

ಇವತ್ತು ಒಂದು ಕೆಲಸ ಮಾತ್ರ ಎಲ್ಲರೂ ಮಾಡ್ರಿ, ಅದಕ್ಕೆ ಆರ್ಡುಯಿನೋ ಬೇಡ. ಕತ್ತಲಾದ ಮೇಲೆ ನಿಮ್ಮ ಮನೆಯ ಗಾಡಿ ಯಾವುದೇ ಇರಲಿ, ಬೈಕ್, ಆಟೋ, ಟ್ರ್ಯಾಕ್ಟರ್, ಯಾರಿಗಾದ್ರೂ ಬ್ರೇಕ್ ಒತ್ತೋಕೆ ಹೇಳಿ ಮೂವತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡ್ರಿ. ಗಾಡಿ ಓಡಿಸೋರು ತಮ್ಮ ಗಾಡಿಯ ಬೆನ್ನನ್ನ ಯಾವತ್ತೂ ನೋಡಿರಲ್ಲ. ಅದನ್ನ ನೋಡೋದು ಹಿಂದೆ ಬರೋ ಗುರುತಿಲ್ಲದ ಮನುಷ್ಯ. ಅವರ ಜಾಗದಲ್ಲಿ ನಿಂತು ನಿಮ್ಮ ಗಾಡಿ ಏನು ಹೇಳ್ತಿದೆ ಅಂತ ಓದ್ರಿ. ಓದೋಕೆ ಬರಲಿಲ್ಲ ಅಂದ್ರೆ ಮೊದಲು ಅದನ್ನ ಸರಿ ಮಾಡ್ರಿ. ಸಿಂಗಾರ ಆಮೇಲೆ ಮಾಡೋಣ, ನಾನೂ ಬರ್ತೀನಿ.

#ಕಬ್ಬಿನಸೀಸನ್ #ಹಚ್ಚೋದುಕೈಆರಿಸೋದುಗಾಲಿ #ಡಿಪ್ಲೊಮಾಲೈಫ್ #ಮುಧೋಳ